ಹೂಡಿ ಹಾಕಿದ ಕಳ್ಳ ಮತ್ತು ನಮ್ಮೂರ ಡೈರಿ ಸೆಕ್ರೆಟರಿ

ಫೆಬ್ರವರಿ ಬಂತೆಂದರೆ ನಮ್ಮ ಆಫೀಸಿನಲ್ಲಿ ಎರಡು ಮೇಲ್ ತಪ್ಪದೆ ಬರುತ್ತವೆ. ಮೊದಲನೆಯದು ಬಾಡಿಗೆ ರಸೀದಿ ಕೊಡಿ, ಇಲ್ಲದಿದ್ದರೆ ಟ್ಯಾಕ್ಸ್ ಹಿಡಿಯುತ್ತೇವೆ ಅನ್ನುವುದು. ಎರಡನೆಯದು ನಿಮ್ಮ ಮಾಹಿತಿ ಸುರಕ್ಷತೆಯ ತರಬೇತಿ ಬಾಕಿ ಇದೆ, ಶುಕ್ರವಾರದೊಳಗೆ ಮುಗಿಸಿ, ಇಲ್ಲದಿದ್ದರೆ ನಿಮ್ಮ ಮ್ಯಾನೇಜರ್‌ಗೆ ತಿಳಿಸುತ್ತೇವೆ ಅನ್ನುವುದು. ಮೊದಲನೆಯದಕ್ಕೆ ನಾವೆಲ್ಲ ಎದ್ದುಬಿದ್ದು ಓಡುತ್ತೇವೆ. ಎರಡನೆಯದನ್ನು ಏನು ಮಾಡುತ್ತೇವೆ ಅಂತ ನಿಮಗೂ ಗೊತ್ತು. ವಿಡಿಯೋ ಹಾಕಿ, ಸೌಂಡ್ ಆಫ್ ಮಾಡಿ, ಕಿಟಕಿಯನ್ನು ಮೂಲೆಗೆ ತಳ್ಳಿ ಇನ್ನೊಂದು ಸ್ಕ್ರೀನಿನಲ್ಲಿ ಕೆಲಸ ಮಾಡುವುದು. ಆಗಾಗ ಹೋಗಿ 'ಮುಂದೆ' ಒತ್ತಿ ಬರುವುದು. ಕೊನೆಯಲ್ಲಿ ಹತ್ತು ಪ್ರಶ್ನೆ. ಯಾವ ಪ್ರಶ್ನೆಯಲ್ಲಿ 'ಮೇಲಿನ ಎಲ್ಲವೂ' ಅನ್ನೋ ಆಯ್ಕೆ ಇದೆಯೋ ಅಲ್ಲಿ ಅದೇ ಸರಿ ಉತ್ತರ. ಸರ್ಟಿಫಿಕೇಟ್ ಬಂತು, ವರ್ಷದ ಮಟ್ಟಿಗೆ ನಾವು ಸುರಕ್ಷಿತ.

ನಾನು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಮೂರು ಕಂಪನಿ. ಲೆಕ್ಕ ಹಾಕಿದರೆ ಈ ವಿಡಿಯೋವನ್ನು, ಬೇರೆ ಬೇರೆ ಲೋಗೋ ಹಚ್ಚಿಕೊಂಡದ್ದನ್ನು, ಹನ್ನೊಂದು ಸಲ 'ನೋಡಿದ್ದೇನೆ'. ಒಂದು ಸಿನಿಮಾವನ್ನು ಇಷ್ಟು ಸಲ ನೋಡಿದ್ದರೆ ಡೈಲಾಗೆಲ್ಲ ಬಾಯಿಪಾಠ ಆಗಿರುತ್ತಿತ್ತು. ಇದರಲ್ಲಿ ಒಂದು ಮಾತೂ ನೆನಪಿಲ್ಲ. ಹಾಗಾಗಿ ಈ ಸಲ ಸೌಂಡ್ ಆನ್ ಮಾಡಿ, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು, ಸಿನಿಮಾ ವಿಮರ್ಶೆ ಬರೆಯೋರ ಹಾಗೆ ನೋಟ್ಸ್ ಮಾಡಿಕೊಳ್ತಾ ನೋಡಿದೆ. ಹೀಗೆ ಕೂತು ನೋಡೋದಕ್ಕೆ ನನಗೆ ಬೇರೊಂದು ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಪಾತ್ರಗಳ ವಿಷಯ. ಕಳ್ಳ ಒಬ್ಬನಿದ್ದಾನೆ. ಕತ್ತಲೆ ಕೋಣೆ, ತಲೆಯ ಮೇಲೆ ಹೂಡಿ, ಮುಖ ಕಾಣುವುದಿಲ್ಲ, ಮುಂದೆ ಹಸಿರು ಅಕ್ಷರಗಳು ಮಳೆ ಹನಿಯ ಹಾಗೆ ಸುರಿಯುತ್ತಿವೆ. ಹನ್ನೊಂದು ವರ್ಷದಲ್ಲಿ ಈ ಪುಣ್ಯಾತ್ಮ ಒಂದು ಲೈಟ್ ಹಾಕಿಸಿಕೊಂಡಿಲ್ಲ. ಎರಡನೆಯದು, ತಪ್ಪು ಮಾಡುವ ಉದ್ಯೋಗಿ. ಈತ ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾನೆ, ದಾರಿಯಲ್ಲಿ ಸಿಕ್ಕ ಪೆನ್ ಡ್ರೈವ್ ತಂದು ಚುಚ್ಚುತ್ತಾನೆ, ಲಾಟರಿ ಬಂದಿದೆ ಅಂತ ಮೇಲ್ ಬಂದರೆ ಕುಣಿಯುತ್ತಾನೆ. ಮೂರನೆಯದು ಒಳ್ಳೆಯ ಉದ್ಯೋಗಿ. ಇವಳು ಎಲ್ಲದಕ್ಕೂ ನಕ್ಕು, ಬೆರಳೆತ್ತಿ 'ತಡಿ, ಯೋಚನೆ ಮಾಡು' ಅನ್ನುತ್ತಾಳೆ. ನಮ್ಮೂರ ಹಬ್ಬದಲ್ಲಿ ಆಡುತ್ತಿದ್ದ ನಾಟಕಗಳಲ್ಲಿ ಕುಡುಕ ಗಂಡ, ಪತಿವ್ರತೆ ಹೆಂಡತಿ, ಮೀಸೆ ತಿರುವುವ ಸಾಹುಕಾರ ಇರುತ್ತಿದ್ದರಲ್ಲ, ಅದೇ ಮಟ್ಟದ ಪಾತ್ರ ರಚನೆ. ಆ ನಾಟಕದಲ್ಲಿ ಕನಿಷ್ಠ ಹಾಡಾದರೂ ಇರುತ್ತಿದ್ದವು.

ಆದರೆ ಪಾತ್ರಗಳು ಪೆದ್ದಾಗಿರುವುದು ದೊಡ್ಡ ದೋಷ ಅಂತ ನನಗೆ ಅನ್ನಿಸಲಿಲ್ಲ. ಎರಡನೇ ಸಲ ನೋಡುವಾಗ ಹೊಳೆದದ್ದು ಬೇರೆ. ಈ ಕಥೆಯಲ್ಲಿ ಯಾರಿಗೂ ಕೆಲಸವೇ ಇಲ್ಲ! ಯಾರಿಗೂ ಸಂಜೆ ಆರಕ್ಕೆ ರಿಲೀಸ್ ಇಲ್ಲ, ಯಾರನ್ನೂ ಕ್ಲೈಂಟ್ ಕಾಯುತ್ತಿಲ್ಲ, ಯಾರ ಮಗೂಗೂ ಜ್ವರ ಬಂದಿಲ್ಲ. ಆ ಒಳ್ಳೆಯ ಉದ್ಯೋಗಿ ಇಡೀ ದಿನ ಬರುವ ಒಂದೇ ಒಂದು ಮೇಲನ್ನು ಮೂರು ನಿಮಿಷ ದಿಟ್ಟಿಸಿ ನೋಡುತ್ತಾಳೆ. ನನಗೆ ದಿನಕ್ಕೆ ನೂರೈವತ್ತು ಮೇಲ್ ಬರುತ್ತವೆ. ಒಂದೊಂದನ್ನೂ ಮೂರು ನಿಮಿಷ ದಿಟ್ಟಿಸಿದರೆ ಏಳೂವರೆ ಗಂಟೆ. ಊಟಕ್ಕೆ ಬಿಡುವು ಸಿಕ್ಕರೆ ಪುಣ್ಯ.

'ಗೊತ್ತಿಲ್ಲದವರು ಕಳಿಸಿದ ಅಟ್ಯಾಚ್‌ಮೆಂಟ್ ತೆರೆಯಬೇಡಿ' ಅನ್ನುವ ಸಾಲು ವಿಡಿಯೋದಲ್ಲಿ ನಾಲ್ಕು ಸಲ ಬರುತ್ತದೆ. ನಮ್ಮ ಎಚ್‌ಆರ್‌ನಲ್ಲಿ ಕೆಲಸಕ್ಕೆ ಆಳು ತೆಗೆದುಕೊಳ್ಳುವ ಹುಡುಗಿಯನ್ನು ನೋಡಿ. ಗೊತ್ತಿಲ್ಲದವರು ಕಳಿಸಿದ ಅಟ್ಯಾಚ್‌ಮೆಂಟ್ ತೆರೆಯುವುದೇ ಅವಳ ಕೆಲಸ, ಅದಕ್ಕೇ ಅವಳಿಗೆ ಸಂಬಳ. ಇದು ತಮಾಷೆಗೆ ಹೇಳೋ ಮಾತಲ್ಲ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 81 ಮಿಲಿಯನ್ ಡಾಲರ್ ಹೊಡೆದರಲ್ಲ, ಅಲ್ಲಿ ಮೊದಲು ಒಳಗೆ ಕಾಲಿಟ್ಟದ್ದು ಕೆಲಸ ಕೇಳಿಕೊಂಡು ಬಂದ ಮೇಲ್ ಮೂಲಕ ಅಂತ ಅಮೆರಿಕದ ಎಫ್‌ಬಿಐ 2018ರಲ್ಲಿ ಕೋರ್ಟಿಗೆ ಕೊಟ್ಟ ದೂರಿನಲ್ಲಿ ಹೇಳಿದೆ. ರೆಸ್ಯೂಮೆ ಇಲ್ಲಿದೆ, ದಯವಿಟ್ಟು ನೋಡಿ ಅನ್ನುವ ಧಾಟಿಯ ಮೇಲ್. ಇಂಥ ಮೇಲನ್ನು ತೆರೆದವರಿಗೆ 'ತಡಿ, ಯೋಚನೆ ಮಾಡು' ಅಂತ ಬೋಧನೆ ಮಾಡಿ ಏನು ಪ್ರಯೋಜನ? ಅವರಿಗೆ ಬೇಕಿರುವುದು ಬೋಧನೆಗಿಂತ ಹೆಚ್ಚಾಗಿ ಅಟ್ಯಾಚ್‌ಮೆಂಟನ್ನು ಬೇರೆ ಎಲ್ಲೋ ಸುರಕ್ಷಿತವಾಗಿ ತೆರೆದು ತೋರಿಸುವ ಒಂದು ವ್ಯವಸ್ಥೆ. ಆದರೆ ವ್ಯವಸ್ಥೆಗೆ ದುಡ್ಡು ಬೇಕು. ವಿಡಿಯೋ ಅಗ್ಗ.

ಈ ಮಾತನ್ನು ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. 1999ರಲ್ಲೇ ಆ್ಯನ್ ಆ್ಯಡಮ್ಸ್ ಮತ್ತು ಆ್ಯಂಜೆಲಾ ಸಾಸ್ ಅನ್ನುವ ಇಬ್ಬರು ಸಂಶೋಧಕಿಯರು 'ಯೂಸರ್ಸ್ ಆರ್ ನಾಟ್ ದಿ ಎನಿಮಿ' ಅನ್ನುವ ಲೇಖನ ಬರೆದರು. ಬಳಸುವವರು ಶತ್ರುಗಳಲ್ಲ ಅಂತ. ಜನ ಪಾಸ್‌ವರ್ಡ್ ಬರೆದಿಡುವುದು ಸೋಮಾರಿತನದಿಂದ ಅಂತ ಸೆಕ್ಯುರಿಟಿಯವರು ತಿಳಿದಿದ್ದರು. ಇವರು ಹೋಗಿ ಜನರನ್ನೇ ಕೇಳಿದರು. ಹತ್ತಾರು ಪಾಸ್‌ವರ್ಡ್, ಮೇಲಿಂದ ಮೇಲೆ ಬದಲಾವಣೆ, ಯಾಕೆ ಹೀಗೆ ಅಂತ ಯಾರೂ ವಿವರಿಸಿ ಹೇಳಿಲ್ಲ, ಕೆಲಸ ಮಾತ್ರ ನಿಲ್ಲಬಾರದು. ಬರೆದಿಡದೆ ಇನ್ನೇನು ಮಾಡುತ್ತಾರೆ? ಈ ಲೇಖನ ಬಂದಾಗ ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಮಗ್ಗಿ ಹೇಳ್ತಾ ಇದ್ದೆ. ಇವತ್ತಿಗೂ ನಮ್ಮ ವಿಡಿಯೋದಲ್ಲಿ ಹಳದಿ ಚೀಟಿಯವನೇ ವಿಲನ್.

ನಮ್ಮಪ್ಪನ ವಿಷಯದಲ್ಲಿ ನಾನೂ ಹೀಗೇ ಮಾಡಿದ್ದೆ. ಅವರು ಎಟಿಎಂ ಪಿನ್ನನ್ನು ಕಾರ್ಡಿನ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದರು. ತಿಪಟೂರಿಗೆ ಹೋದಾಗ ಅಲ್ಲೇ ಕ್ಯೂನಲ್ಲಿ ನಿಂತ ಯಾವನೋ ಕಾಲೇಜು ಹುಡುಗನ ಕೈಗೆ ಕಾರ್ಡ್ ಕೊಟ್ಟು ದುಡ್ಡು ತೆಗೆಸಿಕೊಂಡು ಬರುತ್ತಿದ್ದರು. ವಿಷಯ ಗೊತ್ತಾದ ದಿನ ಫೋನಿನಲ್ಲಿ ಕೂಗಾಡಿಬಿಟ್ಟೆ. ಅಪ್ಪ ಎಲ್ಲಾ ಕೇಳಿಸಿಕೊಂಡು, 'ಮಿಷನ್ನಲ್ಲಿ ಇಂಗ್ಲಿಷ್ ಬರ್ತದೆ ಕಣಪ್ಪ, ಹಿಂದ್ಲೋರು ಬೇಗ ಬೇಗ ಅಂತಾರೆ, ನಾನ್ ಯಾರನ್ನ ಕೇಳ್ಳಿ?' ಅಂದರು. ಕನ್ನಡ ಅಂತ ಒಂದು ಬಟನ್ ಬರುತ್ತದೆ, ಅದನ್ನು ಒತ್ತಬೇಕು ಅಂತ ಅವರಿಗೆ ಒಂದೇ ಒಂದು ಸಲ ಜೊತೆಗೆ ನಿಂತು ತೋರಿಸಿದವರಿರಲಿಲ್ಲ. ಬಿಇ ಮಾಡಿದ ಮಗ ಇದ್ದೂ. ಮುಂದಿನ ಸಲ ಊರಿಗೆ ಹೋದಾಗ ನಾನು ಮಾಡಿದ್ದು ಇಷ್ಟೇ, ಒಂದು ಭಾನುವಾರ ಅವರ ಜೊತೆ ಎಟಿಎಂನಲ್ಲಿ ಹದಿನೈದು ನಿಮಿಷ ನಿಂತೆ.

ಪಾಸ್‌ವರ್ಡಿನ ಕಥೆ ಇನ್ನೂ ಮಜವಾಗಿದೆ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು, ತೊಂಬತ್ತು ದಿನಕ್ಕೆ ಬದಲಾಯಿಸಬೇಕು ಅನ್ನುವ ಶಾಸ್ತ್ರ ಇದೆಯಲ್ಲ, ಇದು ಜಗತ್ತಿಗೆಲ್ಲ ಹರಡಿದ್ದರ ಹಿಂದೆ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಹಿಂದೆ ತಂದ ಒಂದು ದಸ್ತಾವೇಜಿನ ದೊಡ್ಡ ಪಾಲಿದೆ. ಅದನ್ನು ಬರೆದ ಬಿಲ್ ಬರ್, ನಿವೃತ್ತರಾದ ಮೇಲೆ, 2017ರಲ್ಲಿ ಪತ್ರಿಕೆಯೊಂದಿಗೆ ಮಾತಾಡುತ್ತಾ ಅಂದು ಹೇಳಿದ್ದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪ ಪಡುತ್ತೇನೆ ಅಂದರು. ಅದೇ ವರ್ಷ ಅದೇ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. ಸುಮ್ಮಸುಮ್ಮನೆ ಅವಧಿ ಹಾಕಿ ಬದಲಾಯಿಸಿ ಅನ್ನಬೇಡಿ, ಅಕ್ಷರ-ಚಿಹ್ನೆಗಳ ಕಸರತ್ತು ಬೇಡ, ಉದ್ದನೆಯ ಪಾಸ್‌ವರ್ಡಿಗೆ ಅವಕಾಶ ಕೊಡಿ, ಈಗಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯ ಜೊತೆ ಹೋಲಿಸಿ ನೋಡಿ ಅಂತ. ಬರೆದವರೇ ತಪ್ಪಾಯಿತು ಅಂದರು, ಸಂಸ್ಥೆಯೇ ತಿದ್ದಿಕೊಂಡಿತು. ನಮ್ಮ ಆಫೀಸಿನಲ್ಲಿ ಮಾತ್ರ ಇನ್ನೂ ತೊಂಬತ್ತು ದಿನ. ನನ್ನ ಪಕ್ಕದ ಸೀಟಿನವನ ಪಾಸ್‌ವರ್ಡ್ ಅವನ ಮಗಳ ಹೆಸರು, ಮುಂದೆ ಒಂದು ಅಟ್ ಚಿಹ್ನೆ, ಮುಂದೆ ಒಂದು ಸಂಖ್ಯೆ. ಈಗ ಸಂಖ್ಯೆ 23ಕ್ಕೆ ಬಂದಿದೆ. ಕಳ್ಳನಿಗೆ 22 ಗೊತ್ತಾದರೆ 23 ಊಹಿಸೋಕೆ ಹೂಡಿ ಹಾಕಿಕೊಂಡು ಕೂರಬೇಕಾಗಿಲ್ಲ.

ಇನ್ನು ಪೋಸ್ಟರುಗಳು. ಲಿಫ್ಟಿನ ಪಕ್ಕ, ಪ್ಯಾಂಟ್ರಿಯಲ್ಲಿ, ಟಾಯ್ಲೆಟ್ಟಿನ ಕನ್ನಡಿಯ ಮೇಲೆ. ಬೀಗದ ಚಿತ್ರ, ಗುರಾಣಿಯ ಚಿತ್ರ, 'ನೀವೇ ನಮ್ಮ ಅತಿ ದುರ್ಬಲ ಕೊಂಡಿ' ಅನ್ನುವ ಘೋಷಣೆ. ಬೆಳಗ್ಗೆ ಎರಡು ತಾಸು ಸಿಲ್ಕ್ ಬೋರ್ಡಿನಲ್ಲಿ ನಿಂತು ಆಫೀಸು ಸೇರಿದವನಿಗೆ ಮೊದಲು ಕಾಣುವ ಮಾತು, ನೀನು ದುರ್ಬಲ ಅಂತ.

ಪೋಸ್ಟರ್ ಅನ್ನುವುದೇ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. 1940ರಲ್ಲಿ, ಯುದ್ಧದ ಕಾಲದಲ್ಲಿ, ಬ್ರಿಟನ್ನಿನ ಮಾಹಿತಿ ಇಲಾಖೆಗೆ ಇದೇ ಸಮಸ್ಯೆ ಇತ್ತು. ಜನ ಬಸ್ಸಿನಲ್ಲಿ, ಹೋಟೆಲಿನಲ್ಲಿ ಬಾಯಿಬಿಡುತ್ತಾರೆ, ಹಡಗು ಎಲ್ಲಿ ಹೋಯಿತು, ಪಡೆ ಎಲ್ಲಿದೆ ಅಂತ ಮಾತಾಡುತ್ತಾರೆ, ತಡೆಯೋದು ಹೇಗೆ? ಫುಗಾಸ್ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ವ್ಯಂಗ್ಯಚಿತ್ರಕಾರ ಸಿರಿಲ್ ಕೆನೆತ್ ಬರ್ಡ್ ಒಂದು ಸರಣಿ ಮಾಡಿಕೊಟ್ಟರು. ಬಸ್ಸಿನಲ್ಲಿ ಇಬ್ಬರು ಹೆಂಗಸರು ಹಾಯಾಗಿ ಹರಟುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಹಿಟ್ಲರ್ ಮತ್ತು ಗೋರಿಂಗ್ ಕಿವಿಗೊಟ್ಟು ಕೂತಿದ್ದಾರೆ! ಇನ್ನೊಂದರಲ್ಲಿ ಗೋಡೆಯ ವಾಲ್‌ಪೇಪರ್ ತುಂಬಾ ಹಿಟ್ಲರನ ಮುಖಗಳು. ಎರಡೇ ಗೆರೆ, ಬೇಕಾದಷ್ಟು ಖಾಲಿ ಜಾಗ, ನೋಡಿದ ಕೂಡಲೇ ನಗು. ಆ ಹೆಂಗಸರನ್ನು ಪೆದ್ದರಂತೆ ತೋರಿಸಿಲ್ಲ. ಅವರು ನಾವೇ, ನಾವೂ ಹಾಗೇ ಹರಟುತ್ತೇವೆ. ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ತೀವ್ರವಾಗಿ ಗಾಯಗೊಂಡು ಬಂದ ಮನುಷ್ಯ ಈ ಫುಗಾಸ್. ಯುದ್ಧ ಎಂಥಾದ್ದು ಅಂತ ಚೆನ್ನಾಗಿ ಗೊತ್ತಿದ್ದವನು, ಆದರೂ ಹೆದರಿಸಲಿಲ್ಲ.

ಅದೇ 1940ರ ಜುಲೈನಲ್ಲಿ ಅದೇ ಇಲಾಖೆ ಇನ್ನೊಂದು ಪ್ರಚಾರವನ್ನೂ ಶುರು ಮಾಡಿತ್ತು. ಹೆಸರು 'ಸೈಲೆಂಟ್ ಕಾಲಮ್'. ಇದರಲ್ಲಿ ಮಿಸ್ ಲೀಕಿ ಮೌತ್, ಮಿಸ್ಟರ್ ನೋ-ಆಲ್, ಮಿಸ್ಟರ್ ಗ್ಲಂಪಾಟ್ ಅಂತ ಪಾತ್ರಗಳು. ಬಾಯಿ ಸೋರುವವಳು, ಎಲ್ಲಾ ಗೊತ್ತಿರುವವನು, ಸದಾ ಅಳುಮೋರೆಯವನು. ಇಂಥವರು ನಿಮ್ಮ ಸುತ್ತ ಇದ್ದರೆ ಬಾಯಿ ಮುಚ್ಚಿಸಿ ಅಂತ ಜನರಿಗೆ ಹೇಳಿದರು. ಜನಕ್ಕೆ ಸಿಟ್ಟು ಬಂತು. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಹಾಗಾಯಿತು, ಏನೋ ಒಂದು ಮಾತಾಡಿದ್ದಕ್ಕೆ ಕೇಸ್ ಹಾಕಿಸಿಕೊಂಡವರೂ ಇದ್ದರು. ತಿಂಗಳು ಮುಗಿಯುವ ಮೊದಲೇ ಚರ್ಚಿಲ್ ಅದನ್ನು ಕೈಬಿಟ್ಟರು. ಒಂದೇ ಊರು, ಒಂದೇ ವರ್ಷ, ಒಂದೇ ಇಲಾಖೆ. ನಗಿಸಿದ್ದು ಉಳಿಯಿತು, ಬೆರಳು ತೋರಿಸಿದ್ದು ಬಿದ್ದುಹೋಯಿತು. ಎಂಬತ್ತು ವರ್ಷದ ನಂತರ ನಮ್ಮ ಕಂಪನಿಗಳು ಎತ್ತಿಕೊಂಡದ್ದು ಎರಡನೆಯದನ್ನು.

ಅದರ ಇವತ್ತಿನ ರೂಪ ಫಿಶಿಂಗ್ ಪರೀಕ್ಷೆ. ಕಂಪನಿಯೇ ಒಂದು ಮೋಸದ ಮೇಲ್ ತಯಾರಿಸಿ ನಮಗೆ ಕಳಿಸುತ್ತದೆ, ಯಾರು ಕ್ಲಿಕ್ ಮಾಡಿದರು ಅಂತ ಎಣಿಸುತ್ತದೆ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ, ಅಮೆರಿಕದ ಗೋಡ್ಯಾಡಿ ಕಂಪನಿ ತನ್ನ ನೌಕರರಿಗೆ 650 ಡಾಲರ್ ಹಬ್ಬದ ಬೋನಸ್ ಇದೆ, ವಿವರ ತುಂಬಿ ಅಂತ ಮೇಲ್ ಕಳಿಸಿತು. ಸುಮಾರು 500 ಜನ ತುಂಬಿದರು. ಎರಡು ದಿನದ ನಂತರ ಅವರಿಗೆ ಬಂದದ್ದು, ನೀವು ಪರೀಕ್ಷೆಯಲ್ಲಿ ಫೇಲ್, ಮತ್ತೆ ತರಬೇತಿ ತಗೊಳ್ಳಿ ಅಂತ. ಸುದ್ದಿ ಹೊರಬಿದ್ದು, ಎಲ್ಲರೂ ಛೀಮಾರಿ ಹಾಕಿದ ಮೇಲೆ ಕಂಪನಿ ಕ್ಷಮೆ ಕೇಳಿತು. ನಿಜವಾದ ಕಳ್ಳನೂ ಇಂಥದ್ದನ್ನೇ ಕಳಿಸುತ್ತಾನಲ್ಲ ಅಂತ ವಾದ ಮಾಡುವವರಿದ್ದಾರೆ. ನಿಜ, ಕಳಿಸುತ್ತಾನೆ. ಆದರೆ ಕಳ್ಳನ ಕೈಕೆಳಗೆ ನಾವು ಕೆಲಸ ಮಾಡುತ್ತಿಲ್ಲ.

ನಮ್ಮೂರಿನಲ್ಲಿ ಹಾಲಿನ ಡೈರಿ ಇದೆ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಎಲ್ಲರೂ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಸೆಕ್ರೆಟರಿ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುತ್ತಾನೆ. ನೀರು ಬೆರೆಸಿದ್ದರೆ ಸಿಕ್ಕಿಬೀಳುತ್ತೆ. ಎಲ್ಲರ ಮುಂದೆ, ಎಲ್ಲರಿಗೂ ಒಂದೇ ಕೊಳವೆ, ಗೌಡರ ಹಾಲಿಗೂ ಅದೇ, ಒಂದೇ ಹಸು ಇಟ್ಟುಕೊಂಡ ವಿಧವೆಯ ಹಾಲಿಗೂ ಅದೇ. ಇದರ ಬಗ್ಗೆ ಊರಿನಲ್ಲಿ ಯಾರೂ ಬೇಜಾರು ಮಾಡಿಕೊಂಡದ್ದನ್ನು ನಾನು ಕಾಣೆ. ಈಗ ಯೋಚನೆ ಮಾಡಿ, ಆ ಸೆಕ್ರೆಟರಿ ರಾತ್ರಿ ಹೊತ್ತು ಕದ್ದು ನಿಮ್ಮ ಕೊಟ್ಟಿಗೆಗೆ ಬಂದು ನಿಮ್ಮ ಕ್ಯಾನಿಗೆ ಒಂದು ಚೊಂಬು ನೀರು ಹುಯ್ದು ಹೋಗುತ್ತಾನೆ. ಬೆಳಗ್ಗೆ ನಿಮಗೆ ಗೊತ್ತಾಗುತ್ತೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ. ಗೊತ್ತಾಗದಿದ್ದರೆ ಡೈರಿಯ ಗೋಡೆ ಮೇಲೆ ನಿಮ್ಮ ಹೆಸರು. ಅವನಿಗೆ ನಮ್ಮೂರಲ್ಲಿ ಏನಾಗುತ್ತಿತ್ತು ಅಂತ ಬರೆಯುವುದು ಬೇಡ.

ಈಗ ನನ್ನ ಕಾರಣ ಹೇಳುತ್ತೇನೆ. ಆ ಸೆಕ್ರೆಟರಿ ನಾನೇ ಆಗಿದ್ದೆ.

ಹಿಂದಿನ ಕಂಪನಿಯಲ್ಲಿ ಪ್ರತಿ ಟೀಮಿಗೂ ಒಬ್ಬ 'ಸೆಕ್ಯುರಿಟಿ ಚಾಂಪಿಯನ್' ಅಂತ ಮಾಡಿದ್ದರು. ನಮ್ಮ ಟೀಮಿಗೆ ನಾನು. ಅಪ್ರೈಸಲ್‌ನಲ್ಲಿ ಒಂದು ಸಾಲು ಜಾಸ್ತಿ ಬರೆದುಕೊಳ್ಳಬಹುದು ಅಂತ ಒಪ್ಪಿಕೊಂಡಿದ್ದೆ. ಫಿಶಿಂಗ್ ಪರೀಕ್ಷೆಯ ಫಲಿತಾಂಶ ಮೇಲಿನಿಂದ ನನಗೆ ಬರುತ್ತಿತ್ತು. ಒಂದು ತಿಂಗಳು ನಮ್ಮ ಟೀಮಿನಲ್ಲಿ ಆರು ಜನ ಕ್ಲಿಕ್ ಮಾಡಿದ್ದರು. ನಾನು ಬುದ್ಧಿವಂತಿಕೆ ತೋರಿಸೋಕೆ ಹೋಗಿ, ಆರೂ ಹೆಸರನ್ನು ಒಂದು ಸ್ಲೈಡಿನಲ್ಲಿ ಹಾಕಿ, ಪಕ್ಕದಲ್ಲಿ ಮೀನು ಗಾಳ ನುಂಗುತ್ತಿರುವ ಚಿತ್ರ ಅಂಟಿಸಿ, ಸೋಮವಾರದ ಮೀಟಿಂಗಿನಲ್ಲಿ ತೋರಿಸಿದೆ. ಎಲ್ಲರೂ ನಕ್ಕರು. ಹೆಸರಿದ್ದವರೂ ನಕ್ಕರು. ನಗದೇ ಇರೋಕೆ ಆಗುತ್ತಾ?

ಆರರಲ್ಲಿ ಒಂದು ಹೆಸರು ಒಬ್ಬ ಹುಡುಗನದು. ಕಾಂಟ್ರ್ಯಾಕ್ಟ್ ಮೇಲೆ ಸೇರಿ ಎಂಟು ತಿಂಗಳಾಗಿತ್ತು. ಅರಸೀಕೆರೆ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ನನ್ನ ಹಾಗೇ. ನಾನು ಆ ಕಡೆಯವನು ಅಂತ ಗೊತ್ತಾದ ಮೇಲೆ, ಬೇರೆಯವರಿಲ್ಲದಾಗ ಅಣ್ಣ ಅನ್ನುತ್ತಿದ್ದ. ಊರಿಂದ ಬಂದರೆ ಕೊಬ್ಬರಿ ಮಿಠಾಯಿ ತಂದುಕೊಡುತ್ತಿದ್ದ.

ಅದಾಗಿ ಎರಡು ತಿಂಗಳಿಗೆ, ಒಂದು ಶುಕ್ರವಾರ ಸಂಜೆ, ಅವನಿಗೆ ಒಂದು ಮೇಲ್ ಬಂತು. ಕ್ಲೈಂಟ್ ಕಡೆಯವರು ಯಾವುದೋ ಡಾಕ್ಯುಮೆಂಟ್ ಹಂಚಿಕೊಂಡಿದ್ದಾರೆ, ಲಾಗಿನ್ ಆಗಿ ನೋಡಿ ಅಂತ. ಈ ಸಲ ಪರೀಕ್ಷೆಯಾಗಿರಲಿಲ್ಲ. ಅವನು ಪಾಸ್‌ವರ್ಡ್ ಹಾಕಿದ, ಅದೇ ಪುಟ ತಿರುಗಿ ಬಂತು, ಏನೋ ಸರಿ ಇಲ್ಲ ಅಂತ ಐದೇ ನಿಮಿಷದಲ್ಲಿ ಹೊಳೆಯಿತು. ನೋಡಿ, ಅವನಿಗೆ ಹೊಳೆಯಿತು! ನಮ್ಮ ವಿಡಿಯೋ ಏನನ್ನು ಕಲಿಸಬೇಕಿತ್ತೋ ಅದು ಅವನಿಗೆ ಗೊತ್ತೇ ಇತ್ತು. ತಕ್ಷಣ ಪಾಸ್‌ವರ್ಡ್ ಬದಲಾಯಿಸಿದ. ಯಾರಿಗೂ ಹೇಳಲಿಲ್ಲ. ರಾತ್ರಿ ಬಸ್ ಹತ್ತಿ ಊರಿಗೆ ಹೋದ.

ಆದರೆ ಅಷ್ಟರೊಳಗೆ ಒಳಗೆ ಬಂದವನು ಅವನ ಮೇಲ್‌ಬಾಕ್ಸಿನಲ್ಲಿ ಒಂದು ಫಾರ್ವರ್ಡಿಂಗ್ ರೂಲ್ ಹಾಕಿಬಿಟ್ಟಿದ್ದ. ಪಾಸ್‌ವರ್ಡ್ ಬದಲಾಯಿಸಿದರೆ ಆ ರೂಲ್ ಹೋಗುವುದಿಲ್ಲ, ಅದರ ಪಾಡಿಗೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಶನಿವಾರ, ಭಾನುವಾರ, ಅವನಿಗೆ ಬಂದ ಪ್ರತಿ ಮೇಲ್ ಹೊರಗೆ ಹರಿಯಿತು. ಸೋಮವಾರ ಬೆಳಗ್ಗೆ ಕ್ಲೈಂಟ್ ಕಡೆಯಿಂದ ಫೋನ್ ಬಂತು, ನಿಮ್ಮ ಇನ್‌ವಾಯ್ಸ್ ವಿಷಯದಲ್ಲಿ ಯಾರೋ ವಿಚಿತ್ರ ಮೇಲ್ ಕಳಿಸುತ್ತಿದ್ದಾರೆ, ನಾವು ನಿಮಗೆ ಬರೆದ ಸಾಲುಗಳೇ ಅದರಲ್ಲಿವೆ ಅಂತ. ಪುಣ್ಯಕ್ಕೆ ದುಡ್ಡು ಹೋಗಲಿಲ್ಲ. ಆ ಕಡೆ ಅಕೌಂಟ್ಸ್‌ನಲ್ಲಿ ಒಬ್ಬರು ಅನುಮಾನ ಬಂದು ಫೋನ್ ಮಾಡಿ ಕೇಳಿದ್ದರಿಂದ.

ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು ಅಂತ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದೆ. ಅದನ್ನು ನಾನೇ ಟೀಮಿಗೆ ಓದಿ ಹೇಳಿದ್ದೆ. ನಮ್ಮ ಹುಡುಗನ ಗಮನಕ್ಕೆ ಐದು ನಿಮಿಷದಲ್ಲಿ ಬಂದದ್ದು ಕಂಪನಿಯ ಗಮನಕ್ಕೆ ಬರೋಕೆ ಎರಡೂವರೆ ದಿನ ಬೇಕಾಯಿತು.

ಅವನನ್ನು ಪಕ್ಕದ ಮೀಟಿಂಗ್ ರೂಮಿಗೆ ಕರೆದುಕೊಂಡು ಹೋಗಿ ಕೇಳಿದೆ. 'ನನಗೊಂದು ಫೋನ್ ಮಾಡೋಕೇನಾಗಿತ್ತು ಮಾರಾಯ? ನಾನು ಬೇರೆಯವನಾ?'

ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅವನು, 'ಆ ಪಟ್ಟಿ ಹಾಕಿದ್ದು ನೀವೇ ಅಲ್ವಾ ಸರ್' ಅಂದ.

ಅವನ ಮೇಲ್‌ಬಾಕ್ಸಿಗೆ ಎರಡನೇ ಹಂತದ ಪರಿಶೀಲನೆ ಇದ್ದಿದ್ದರೆ, ಪಾಸ್‌ವರ್ಡ್ ಸಿಕ್ಕಿದ ಮಾತ್ರಕ್ಕೆ ಒಳಗೆ ಬರೋದು ಅಷ್ಟು ಸುಲಭ ಇರಲಿಲ್ಲ. ಪರ್ಮನೆಂಟ್ ನೌಕರರಿಗೆ ಆಗಲೇ ಕೊಟ್ಟಿದ್ದರು. ಕಾಂಟ್ರ್ಯಾಕ್ಟ್‌ನವರಿಗೆ ಲೈಸೆನ್ಸ್ ಖರ್ಚು ಅಂತ ಮುಂದಿನ ವರ್ಷಕ್ಕೆ ಇಟ್ಟಿದ್ದರು. ಗೂಗಲ್ ತನ್ನ 85 ಸಾವಿರಕ್ಕೂ ಹೆಚ್ಚು ನೌಕರರಿಗೆ ಪುಟ್ಟ ಸೆಕ್ಯುರಿಟಿ ಕೀ ಕೊಟ್ಟ ಮೇಲೆ, 2017ರ ಆರಂಭದಿಂದ ಕೆಲಸದ ಖಾತೆಯಲ್ಲಿ ಒಬ್ಬರೂ ಫಿಶಿಂಗ್‌ಗೆ ಬಲಿಯಾಗಿಲ್ಲ ಅಂತ 2018ರಲ್ಲಿ ಹೇಳಿಕೊಂಡಿತ್ತು. ಅಲ್ಲಿ ಇಷ್ಟೂ ಜನ ಒಮ್ಮೆಲೇ ಜಾಣರಾಗಿಬಿಟ್ಟರು ಅಂತ ನಾನು ನಂಬುವುದಿಲ್ಲ. ಅವರೂ ಸುಸ್ತಾಗಿ, ಅವಸರದಲ್ಲಿ, ಕ್ಲಿಕ್ ಮಾಡುವವರೇ. ಕ್ಲಿಕ್ ಮಾಡಿದರೂ ಮನೆ ಮುಳುಗದ ಹಾಗೆ ಯಾರೋ ದುಡ್ಡು ಖರ್ಚು ಮಾಡಿದ್ದರು, ಅಷ್ಟೇ. ನಮ್ಮ ಕಂಪನಿಯ ತನಿಖಾ ವರದಿಯಲ್ಲಿ ಲೈಸೆನ್ಸ್ ವಿಷಯ ಬರಲಿಲ್ಲ. 'ಮೂಲ ಕಾರಣ: ಮಾನವ ದೋಷ' ಅಂತ ಬಂತು. ಹುಡುಗ ಪರ್ಮನೆಂಟ್ ಆಗುವ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ನನ್ನ ಅಪ್ರೈಸಲ್‌ನಲ್ಲಿ ಚಾಂಪಿಯನ್ ಸಾಲು ಹಾಗೇ ಇತ್ತು. ನಾನು ಅದನ್ನು ತೆಗೆಯಿರಿ ಅನ್ನಲಿಲ್ಲ, ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಆಮೇಲೆ ನಾನು ಓದಲು ಶುರು ಮಾಡಿದ್ದು. ಮೊದಲೇ ಓದಬೇಕಿತ್ತು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಒಂದು ದೊಡ್ಡ ಕಂಪನಿಯ 14 ಸಾವಿರಕ್ಕೂ ಹೆಚ್ಚು ಉದ್ಯೋಗಿಗಳನ್ನು 15 ತಿಂಗಳು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಪರೀಕ್ಷೆಯ ಮೇಲ್ ಕ್ಲಿಕ್ ಮಾಡಿದವರಿಗೆ ಅಲ್ಲೇ ಪಾಠದ ಪುಟ ತೋರಿಸುವ ಪದ್ಧತಿ ಇದೆಯಲ್ಲ, ಅದರಿಂದ ಅವರೇನೂ ಗಟ್ಟಿಯಾಗಲಿಲ್ಲ, ಇನ್ನೂ ಸುಲಭವಾಗಿ ಮೋಸಹೋಗುವ ಲಕ್ಷಣ ಕಂಡಿತು ಅನ್ನುತ್ತದೆ ಅದು. ಅದೇ ಅಧ್ಯಯನದಲ್ಲಿ ಕೆಲಸ ಮಾಡಿದ್ದು ಮಾತ್ರ ತೀರಾ ಸಾದಾ ಸಂಗತಿ. ಮೇಲ್ ಪಕ್ಕದಲ್ಲಿ 'ಇದು ಅನುಮಾನ' ಅಂತ ಹೇಳುವ ಒಂದು ಬಟನ್. ಹತ್ತಾರು ಸಾವಿರ ಕಣ್ಣುಗಳಲ್ಲಿ ಯಾರೋ ನಾಲ್ಕು ಜನಕ್ಕೆ ಹೊಳೆದರೆ ಸಾಕು, ನಿಮಿಷಗಳಲ್ಲಿ ಎಲ್ಲರನ್ನೂ ಉಳಿಸಬಹುದು. ಹೇಳುವ ಅಭ್ಯಾಸವೂ ತಿಂಗಳುಗಟ್ಟಲೆ ಉಳಿಯಿತಂತೆ. ಇದಕ್ಕೆ ಬೇಕಾದದ್ದು ಒಂದೇ. ಹೇಳಿದವನಿಗೆ ಪೆಟ್ಟು ಬೀಳಬಾರದು.

ಸುಗ್ಗಿಯಲ್ಲಿ ನಮ್ಮ ತಾತ ಕಣದಲ್ಲಿ ರಾಗಿ ರಾಶಿ ಮಾಡಿದ ಮೇಲೆ, ರಾತ್ರಿ ಮಲಗುವ ಮುಂಚೆ ರಾಶಿಯ ಸುತ್ತ ಒಲೆಯ ಬೂದಿಯಲ್ಲಿ ಗೆರೆ ಎಳೆಯುತ್ತಿದ್ದರು. ದೇವರ ಕೆಲಸ ಅಂತ ಹೇಳುತ್ತಿದ್ದರು. ಆದರೆ ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಗೆರೆ ಕೆಟ್ಟಿದೆಯಾ ಅಂತ. ಬೂದಿಗೆ ಕಳ್ಳನನ್ನು ತಡೆಯುವ ಶಕ್ತಿ ಇಲ್ಲ ಅಂತ ತಾತನಿಗೆ ಗೊತ್ತಿಲ್ಲದೆ ಏನಿಲ್ಲ. ಮುಟ್ಟಿದರೆ ಬೇಗ ಗೊತ್ತಾಗಲಿ ಅಂತ. ಮೊಮ್ಮಕ್ಕಳು ನಾವು ಓಡಾಡುತ್ತಾ ಗೆರೆ ತುಳಿದರೆ ಓಡಿಹೋಗಿ ಹೇಳುತ್ತಿದ್ದೆವು, 'ತಾತ, ನಾನೇ ತುಳಿದದ್ದು' ಅಂತ. ಅವರು ಬೈಯದೆ ಇನ್ನೊಂದು ಹಿಡಿ ಬೂದಿ ತಂದು ಎಳೆಯುತ್ತಿದ್ದರು.

ವಿಡಿಯೋಗೆ ಬರುತ್ತೇನೆ. ಅದರ ಕೊನೆಯ ದೃಶ್ಯದಲ್ಲಿ ಕಾರ್ಡ್ ಇಲ್ಲದವರನ್ನು ಹಿಂದೆ ಬಿಟ್ಟುಕೊಳ್ಳಬೇಡಿ ಅನ್ನುವ ಪಾಠ ಇದೆ. ಒಳ್ಳೆಯ ಉದ್ಯೋಗಿ ಬಾಗಿಲಲ್ಲಿ ನಿಂತು ಒಬ್ಬ ಅಪರಿಚಿತನನ್ನು ನಗುನಗುತ್ತಾ ತಡೆಯುತ್ತಾಳೆ. ತಡೆಸಿಕೊಳ್ಳುವವನು ಕೊರಿಯರ್ ಹುಡುಗ. ಹನ್ನೊಂದು ವರ್ಷದಲ್ಲಿ ಯಾವ ವಿಡಿಯೋದಲ್ಲೂ ತಡೆಸಿಕೊಂಡವನು ವೈಸ್ ಪ್ರೆಸಿಡೆಂಟ್ ಆಗಿದ್ದನ್ನು ನಾನು ನೋಡಿಲ್ಲ. ನಮ್ಮ ಗೇಟಿನ ಸೆಕ್ಯುರಿಟಿಯಲ್ಲಿ ಒಡಿಶಾದಿಂದ ಬಂದ ಒಬ್ಬರು, ಹೊಸಬರು, ಕಾರ್ಡ್ ಮರೆತು ಬಂದ ದೊಡ್ಡ ಸಾಹೇಬರೊಬ್ಬರನ್ನು ತಡೆದು ರಿಜಿಸ್ಟರಿನಲ್ಲಿ ಬರೆಯಿರಿ ಅಂದಿದ್ದರು. ಮುಂದಿನ ವಾರ ಅವರನ್ನು ಬೇಸ್‌ಮೆಂಟ್ ಪಾರ್ಕಿಂಗಿಗೆ ಹಾಕಿದರು. ಆ ಕಟ್ಟಡದ ಎಲ್ಲಾ ಮಹಡಿಗೂ ಪಾಠ ಆಯಿತು, ಪೋಸ್ಟರಿನ ಖರ್ಚಿಲ್ಲದೆ. ಇದಾದ ಮೇಲೆ 'ಎಂಡಿ ಹೇಳಿದ್ದಾರೆ, ಈಗಲೇ ಈ ಖಾತೆಗೆ ದುಡ್ಡು ಹಾಕು' ಅಂತ ಮೇಲ್ ಬಂದರೆ, ಅಕೌಂಟ್ಸ್‌ನ ಹುಡುಗಿ ಎಂಡಿಗೆ ಫೋನ್ ಮಾಡಿ 'ಸರ್, ಇದು ನಿಜವಾಗಿ ನೀವೇನಾ' ಅಂತ ಕೇಳುತ್ತಾಳಾ? ನಾನಾಗಿದ್ದರೂ ಕೇಳುತ್ತಿರಲಿಲ್ಲ.

ಆ ಹುಡುಗ ಆಮೇಲೆ ಪರ್ಮನೆಂಟ್ ಆದ. ನಾನು ಕಂಪನಿ ಬದಲಾಯಿಸಿದ ಮೇಲೆ ಅವನೂ ನನ್ನ ಹಿಂದೆಯೇ ಇಲ್ಲಿಗೆ ಬಂದ, ಈಗ ಎರಡು ಸಾಲು ಆಚೆ ಕೂರುತ್ತಾನೆ. ಅಣ್ಣ ಅನ್ನೋದು ವಾಪಸ್ ಬರೋಕೆ ಸುಮಾರು ದಿನ ಹಿಡಿಯಿತು. ಅನುಮಾನ ಬಂದ ಎಲ್ಲಾ ಮೇಲನ್ನೂ ಈಗ ಬಟನ್ ಒತ್ತಿ ಕಳಿಸುತ್ತಾನೆ, ಕಳಿಸಿ ನನಗೂ ಬಂದು ಹೇಳುತ್ತಾನೆ.

ಈ ಫೆಬ್ರವರಿಯಲ್ಲಿ ತರಬೇತಿಯ ಮೇಲ್ ಬಂದಾಗ ಅದನ್ನೂ ಒತ್ತಿ ಕಳಿಸಿದ. ನಾನು ಹೋಗಿ ಅವನ ಸ್ಕ್ರೀನ್ ನೋಡಿದೆ. ಕಳಿಸಿದ ವಿಳಾಸ ನಮ್ಮ ಕಂಪನಿಯದ್ದಲ್ಲ, ತರಬೇತಿ ಮಾರುವ ಯಾವುದೋ ಹೊರಗಿನವರದು. ಹೆಸರಿನ ಸ್ಪೆಲಿಂಗ್ ತಪ್ಪು. ಇಂದೇ ಕೊನೆಯ ದಿನ ಅಂತ ಕೆಂಪಕ್ಷರ. ಇಲ್ಲಿ ಕ್ಲಿಕ್ ಮಾಡಿ ಲಾಗಿನ್ ಆಗಿ ಅಂತ ಒಂದು ಲಿಂಕ್. ನಾನೂ ನನ್ನ ಸೀಟಿಗೆ ಬಂದು ಬಟನ್ ಒತ್ತಿದೆ. ಸೆಕ್ಯುರಿಟಿ ಟೀಮಿನಿಂದ ಮೂರನೇ ದಿನ ಉತ್ತರ ಬಂತು: ಇದು ನಮ್ಮದೇ, ದಯವಿಟ್ಟು ಕ್ಲಿಕ್ ಮಾಡಿ.